ಸಂಘದ ಪತ್ರಿಕೆಯ ಸಂಪಾದಕರಿಗೆ ಸಂಭಾವನೆ: ಯಾವ ಸಂಘಕ್ಕೆ ಯಾವ ದಾರಿ

ಹಕ್ಕಿ ನೋಡುವವರು, ಅಂಚೆಚೀಟಿ ಸಂಗ್ರಹಿಸುವವರು, ಚಾರಣಿಗರು, ಹ್ಯಾಮ್ ರೇಡಿಯೊ ಹವ್ಯಾಸಿಗಳು, ಆಕಾಶವೀಕ್ಷಕರು ಕಟ್ಟಿಕೊಂಡ ಸಂಘಗಳಲ್ಲಿ ಹಲವು ತಮ್ಮದೇ ಆದ ಪತ್ರಿಕೆಯನ್ನು ಹೊರತರುತ್ತವೆ. ಕೆಲವರದು ಮಾಸಿಕ ವಾರ್ತಾಪತ್ರ, ಹಲವರದು ತ್ರೈಮಾಸಿಕ, ಇನ್ನು ಕೆಲವರದು ವರ್ಷಕ್ಕೊಂದು ಸ್ಮರಣ ಸಂಚಿಕೆ. ಅದನ್ನು ರೂಪಿಸುವವರು ಸಾಮಾನ್ಯವಾಗಿ ಸಂಘದ ಸದಸ್ಯರೇ ಆಗಿದ್ದು, ಬೇರೆಲ್ಲೋ ಉದ್ಯೋಗ ಮಾಡುತ್ತ ರಾತ್ರಿಗಳನ್ನೂ ಭಾನುವಾರಗಳನ್ನೂ ಈ ಕೆಲಸಕ್ಕೆ ಕೊಡುತ್ತಿರುತ್ತಾರೆ. ಸಂಪಾದಕರು ದಣಿದು "ಇನ್ನು ಬೇರೆಯವರನ್ನು ನೋಡಿಕೊಳ್ಳಿ" ಎಂದ ದಿನ ಕಾರ್ಯಕಾರಿ ಸಮಿತಿಯ ಮುಂದೆ ಹಣದ ಪ್ರಶ್ನೆ ಬರುತ್ತದೆ: ಇಷ್ಟು ವರ್ಷ ದುಡಿಸಿಕೊಂಡೆವು, ಇನ್ನಾದರೂ ಏನಾದರೂ ಕೊಡಬೇಕಲ್ಲವೇ? ಆ ಸಭೆಯಲ್ಲಿ ಕುಳಿತವರಿಗಾಗಿ ಈ ಬರಹ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಂಪಾದಕರ ವಿವೇಚನೆಗೆ ಸಣ್ಣ ಬೆಲೆ ಕಟ್ಟುವುದಕ್ಕಿಂತ ಬೆಲೆಯನ್ನೇ ಕಟ್ಟದಿರುವುದು ಲೇಸು. ಆದರೆ ಅವರ ಕೈಯಿಂದ ಒಂದು ಪೈಸೆಯೂ ಖರ್ಚಾಗಬಾರದು, ಮತ್ತು ಯಂತ್ರದಂತೆ ಮಾಡಬೇಕಾದ ಕೆಲಸವನ್ನು ಅವರ ಹೆಗಲಿನಿಂದ ಇಳಿಸಿ, ಸರಿಯಾದ ದರ ಕೊಟ್ಟು ಬೇರೆಯವರಿಂದ ಮಾಡಿಸಬೇಕು. ಸಂಪಾದಕರಿಗೇ ಹಣ ಕೊಡುವ ಮಟ್ಟಕ್ಕೆ ಸಂಘ ಬೆಳೆದಿದ್ದರೆ, ಆಗ ಕೊಡುವುದು ಸಂಭಾವನೆ ಎಂಬ ಹೆಸರಿಗೆ ತಕ್ಕ ಮೊತ್ತವೇ ಆಗಿರಬೇಕು. ಈ ತೀರ್ಮಾನಕ್ಕೆ ಏಕೆ ಬಂದೆ ಎಂಬುದು ಮುಂದಿನ ಹೋಲಿಕೆಯಲ್ಲಿದೆ. ಒಪ್ಪದವರಿಗೂ ಆಯ್ಕೆಗೆ ಬೇಕಾದ ಸಾಮಗ್ರಿ ಅಲ್ಲಿ ಸಿಗಬಹುದು.

ಮೊದಲು ಕೆಲಸವನ್ನು ಬಿಡಿಸಿ ನೋಡುವುದು

"ಸಂಪಾದಕರ ಕೆಲಸ" ಎಂದು ಒಂದೇ ಹೆಸರಿನಲ್ಲಿ ಕರೆಯುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಪಕ್ಷಿವೀಕ್ಷಕರ ಸಂಘವೊಂದರ ತ್ರೈಮಾಸಿಕಕ್ಕೆ ಬಂದ ಒಂದು ಲೇಖನವನ್ನು ತೆಗೆದುಕೊಳ್ಳೋಣ. ಲೇಖಕರು ಹಿರಿಯರು; ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿ ಕಳಿಸಿದ್ದಾರೆ. ಅದನ್ನು ಯಾವ ಕಂಪ್ಯೂಟರಿನಲ್ಲೂ ಓದಿ ಹುಡುಕಬಹುದಾದ ಯೂನಿಕೋಡ್‌ ಅಕ್ಷರಗಳಿಗೆ ಪರಿವರ್ತಿಸಿದಾಗ ಕೆಲವು ಕಡೆ ಅರ್ಕಾವತ್ತು ತನ್ನ ಜಾಗ ಬಿಟ್ಟು ಪಕ್ಕದ ಅಕ್ಷರಕ್ಕೆ ಹೋಗಿದೆ, ಒತ್ತಕ್ಷರಗಳು ಒಡೆದಿವೆ, ಇಂಗ್ಲಿಷಿನಲ್ಲಿದ್ದ ವೈಜ್ಞಾನಿಕ ಹೆಸರುಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿವೆ. ಚಿತ್ರಗಳು ವಾಟ್ಸ್‌ಆ್ಯಪ್‌ನಲ್ಲಿ ಬಂದಿರುವುದರಿಂದ ಕುಗ್ಗಿಹೋಗಿದ್ದು ಅಚ್ಚಿಗೆ ಸಾಲುವುದಿಲ್ಲ. ಮೂಲ ಕಡತವನ್ನು ಇಮೇಲ್‌ನಲ್ಲಿ ಕಳಿಸುವಂತೆ ಮತ್ತೆ ಕೇಳಬೇಕು. ಇಷ್ಟೆಲ್ಲ ಆದ ಮೇಲೆ ಓದಲು ಕುಳಿತರೆ, ಬರಹದಲ್ಲಿ ಕಿರು ಮಿಂಚುಳ್ಳಿಯ ವರ್ಣನೆಯಿದೆ, ಚಿತ್ರದಲ್ಲಿರುವುದು ಕಂದು ತಲೆ, ಬಿಳಿ ಕೊರಳಿನ ದೊಡ್ಡ ಮಿಂಚುಳ್ಳಿ. ಕೊನೆಯ ಪ್ಯಾರಾದಲ್ಲಿ ಗೂಡು ಇರುವ ಹಳ್ಳದ ದಂಡೆಯನ್ನು ದಾರಿ ಸಮೇತ ವಿವರಿಸಲಾಗಿದೆ. ಅದನ್ನು ಹಾಗೆಯೇ ಅಚ್ಚು ಹಾಕಿದರೆ ಮುಂದಿನ ವಾರವೇ ಕ್ಯಾಮೆರಾ ಹಿಡಿದವರು ಆ ಗೂಡಿನ ಮುಂದೆ ಸಾಲುಗಟ್ಟುತ್ತಾರೆ. ಇದನ್ನೆಲ್ಲ ಹಿರಿಯ ಲೇಖಕರಿಗೆ ನೋವಾಗದಂತೆ ಫೋನಿನಲ್ಲಿ ತಿಳಿಸಿ ಒಪ್ಪಿಸಬೇಕು.

ಇಲ್ಲಿ ಎರಡು ಬಗೆಯ ದುಡಿಮೆಯಿದೆ. ಅಕ್ಷರ ಸರಿಪಡಿಸುವುದು, ಕರಡು ತಿದ್ದುವುದು, ಪುಟ ಕಟ್ಟುವುದು, ಮುದ್ರಣಾಲಯಕ್ಕೆ ಓಡಾಡುವುದು, ಅಂಚೆಗೆ ವಿಳಾಸ ಅಂಟಿಸುವುದು ಅಳೆಯಬಹುದಾದ ಕೆಲಸ. ಪುಟಕ್ಕಿಷ್ಟು, ಗಂಟೆಗಿಷ್ಟು ಎಂದು ಹೇಳಬಹುದು, ಬೇರೆಯವರೂ ಮಾಡಬಹುದು. ಮಿಂಚುಳ್ಳಿಯನ್ನು ಗುರುತಿಸಿ ತಪ್ಪು ಹಿಡಿಯುವುದು, ಗೂಡಿನ ದಾರಿಯನ್ನು ಬಿಡಿಸುವುದು, ಲೇಖಕರನ್ನು ಒಲಿಸುವುದು, ಯಾವುದನ್ನು ಹಾಕಬೇಕು ಯಾವುದನ್ನು ಬಿಡಬೇಕು ಎಂದು ನಿರ್ಧರಿಸುವುದು ಹವ್ಯಾಸದ ಒಳಗೇ ಬೆಳೆದ ವಿವೇಚನೆ. ಸಮಿತಿ ಮೊದಲು ಮಾಡಬೇಕಾದುದು, ಒಂದು ಸಂಚಿಕೆಗೆ ಎಷ್ಟು ಗಂಟೆ ಹಿಡಿಯಿತು, ಅದರಲ್ಲಿ ಎಷ್ಟು ಮೊದಲ ಬಗೆಯದು, ಎಷ್ಟು ಎರಡನೆಯದು ಎಂದು ಸಂಪಾದಕರಿಂದಲೇ ಬರೆಸಿಕೊಳ್ಳುವುದು. ಈ ಪಟ್ಟಿಯಿಲ್ಲದೆ ಮೊತ್ತದ ಚರ್ಚೆಗೆ ಇಳಿಯುವ ಸಭೆಗಳು ಊಹೆಯ ಮೇಲೆ ಠರಾವು ಮಾಡುತ್ತವೆ.

ಏನನ್ನೂ ಕೊಡದಿರುವುದು

ಹವ್ಯಾಸಿ ಪತ್ರಿಕೆಗಳ ಇತಿಹಾಸದಲ್ಲಿ ಅತ್ಯುತ್ತಮ ಕೆಲಸಗಳು ಬಹುಮಟ್ಟಿಗೆ ಹೀಗೆಯೇ ನಡೆದಿವೆ ಎಂಬುದನ್ನು ಮರೆಯಬಾರದು. ಭಾರತದ ಪಕ್ಷಿವೀಕ್ಷಕರನ್ನು ದಶಕಗಳ ಕಾಲ ಬೆಸೆದ ಇಂಗ್ಲಿಷ್ ವಾರ್ತಾಪತ್ರವನ್ನು ಜಫರ್ ಫತೇಹಲಿಯವರು 1959ರಲ್ಲಿ ಸೈಕ್ಲೊಸ್ಟೈಲ್ ಪ್ರತಿಗಳಾಗಿ ಆರಂಭಿಸಿ, ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಸಂಪಾದಿಸಿದರು. ಮುಂದೆ ಅದರ ಪ್ರಕಟಣೆ ಬೆಂಗಳೂರಿನಿಂದ ನಡೆಯಿತು. ಊರೂರಿನ ಹವ್ಯಾಸಿಗಳು ಕಳಿಸಿದ ಸಣ್ಣ ಟಿಪ್ಪಣಿಗಳಿಗೆ ಅಲ್ಲಿ ಸಿಗುತ್ತಿದ್ದ ಆದರ ಹಣದಿಂದ ಹುಟ್ಟಿದ್ದಲ್ಲ. ನಮ್ಮ ಕಾಲದ ಕನ್ನಡ ವಿಕಿಪೀಡಿಯವೂ 2003ರಿಂದ ಸ್ವಯಂಸೇವಕ ಸಂಪಾದಕರ ಬಲದ ಮೇಲೆಯೇ ಬೆಳೆದಿದೆ.

ಸಂಬಳವಿಲ್ಲದ ಸಂಪಾದಕರಿಗೆ ಒಂದು ಸ್ವಾತಂತ್ರ್ಯವಿದೆ. ಅಧ್ಯಕ್ಷರ ಲೇಖನವನ್ನು ಬೇಡವೆನ್ನಲು, ಜಾಹೀರಾತು ಕೊಟ್ಟ ಸದಸ್ಯರ ಮೂರು ಫೋಟೊಗಳ ಬದಲು ಒಂದನ್ನೇ ಹಾಕಲು ಅವರಿಗೆ ಹೆದರಿಕೆಯಿರುವುದಿಲ್ಲ. ಯಾರಿಂದ ಹಣ ಪಡೆಯುತ್ತೇವೆಯೋ ಅವರ ಬರಹವನ್ನು ತಿರಸ್ಕರಿಸುವುದು ಎಷ್ಟೇ ನೇರ ಮನುಷ್ಯನಿಗೂ ಸ್ವಲ್ಪ ಕಷ್ಟವೇ.

ಆದರೆ ಈ ದಾರಿಗೆ ಒಂದು ದೊಡ್ಡ ಕೊರತೆಯಿದೆ, ಸಂಘಗಳು ಅದನ್ನು ಗಮನಿಸುವುದೇ ಅಪರೂಪ. ಉಚಿತವಾಗಿ ದುಡಿಯಲು ಬಿಡುವು ಇರುವವರು ಮಾತ್ರ ಸಂಪಾದಕರಾಗುತ್ತಾರೆ. ನಿವೃತ್ತರು, ಮನೆಯ ಕೆಲಸವನ್ನು ಬೇರೆಯವರು ನೋಡಿಕೊಳ್ಳುವಂಥ ಗಂಡಸರು, ಊರಿನಲ್ಲಿ ಸ್ವಂತ ಮನೆಯುಳ್ಳವರು ಮುಂದೆ ಬರುತ್ತಾರೆ. ಸಂಜೆ ಟ್ಯೂಷನ್ ಹೇಳಿ ಬಾಡಿಗೆ ಕಟ್ಟುವ ಸ್ನಾತಕೋತ್ತರ ವಿದ್ಯಾರ್ಥಿನಿ ಎಷ್ಟೇ ಚೆನ್ನಾಗಿ ಬರೆದರೂ, ಹಕ್ಕಿಗಳನ್ನು ಎಷ್ಟೇ ಬಲ್ಲವಳಾದರೂ ಆ ಸಾಲಿಗೆ ಬರುವುದಿಲ್ಲ. ಹತ್ತಾರು ವರ್ಷ ಒಬ್ಬರೇ ಸಂಪಾದಕರಾಗಿ ಉಳಿದ ಪತ್ರಿಕೆಯಲ್ಲಿ ಹೊಸಬರ ಹೆಸರುಗಳು ಕಡಿಮೆಯಾಗುತ್ತ ಹೋಗುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಏನನ್ನೂ ಕೊಡದಿರುವ ದಾರಿಯನ್ನು ಆರಿಸಿಕೊಳ್ಳುವ ಸಂಘ ಸಂಪಾದಕರ ಅವಧಿಯನ್ನು ಎರಡು ಅಥವಾ ಮೂರು ವರ್ಷಕ್ಕೆ ಮಿತಿಗೊಳಿಸಿ, ಜೊತೆಗೊಬ್ಬ ಕಿರಿಯ ಸಹಸಂಪಾದಕರನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳಬೇಕು.

ವರ್ಷಕ್ಕೊಮ್ಮೆ ವಾರ್ಷಿಕೋತ್ಸವದ ವೇದಿಕೆಯಲ್ಲಿ ಶಾಲು ಹೊದಿಸಿ ಫಲತಾಂಬೂಲ ಕೊಡುವುದು ಒಳ್ಳೆಯ ಸಂಪ್ರದಾಯ, ಬಿಡಬೇಕಿಲ್ಲ. ಆದರೆ ಮುಖಪುಟದ ಒಳಬದಿಯಲ್ಲಿ ಸಂಪಾದಕರು, ಕರಡು ತಿದ್ದಿದವರು, ಪುಟ ಕಟ್ಟಿದವರು ಎಂದು ಪ್ರತಿ ಸಂಚಿಕೆಯಲ್ಲೂ ಹೆಸರು ಅಚ್ಚಾಗುವುದು ಶಾಲಿಗಿಂತ ಹೆಚ್ಚಿನ ಮನ್ನಣೆ. ಎಷ್ಟೋ ಪತ್ರಿಕೆಗಳಲ್ಲಿ ಕರಡು ತಿದ್ದಿದವರ ಹೆಸರೇ ಇರುವುದಿಲ್ಲ.

ಖರ್ಚನ್ನು ಭರಿಸುವುದು

ಇದರ ಬಗ್ಗೆ ಹೆಚ್ಚು ಚರ್ಚೆ ಬೇಕಿಲ್ಲ, ಇದು ಎಲ್ಲ ಸಂಘಗಳೂ ಮಾಡಲೇಬೇಕಾದುದು. ಮುದ್ರಣಾಲಯಕ್ಕೆ ಹೋಗಿಬಂದ ಆಟೊ ಬಾಡಿಗೆ, ಕೊರಿಯರ್, ಕರಡಿನ ಪ್ರಿಂಟ್, ಇಂಟರ್‌ನೆಟ್, ಅಗತ್ಯವಾದ ತಂತ್ರಾಂಶದ ವಾರ್ಷಿಕ ಶುಲ್ಕ, ಒಂದು ಒಳ್ಳೆಯ ನಿಘಂಟು: ಇವುಗಳನ್ನು ಸಂಪಾದಕರು ಸ್ವಂತ ಜೇಬಿನಿಂದ ಕೊಡುತ್ತಿರುವ ಸಂಘಗಳು ಬಹಳ ಇವೆ, ಮತ್ತು ಸಂಕೋಚದಿಂದ ಅವರು ಕೇಳುವುದಿಲ್ಲ. ಖಜಾಂಚಿಗಳೇ ಪ್ರತಿ ಸಂಚಿಕೆಯ ಮೊದಲು ಒಂದು ಮುಂಗಡ ಕೊಟ್ಟು, ರಸೀದಿಗಳೊಡನೆ ಲೆಕ್ಕ ಪಡೆಯುವ ಪದ್ಧತಿಯಿಟ್ಟರೆ ಕೇಳುವ ಮುಜುಗರವೇ ಇರುವುದಿಲ್ಲ. ರಸೀದಿಯಿಲ್ಲದ ಸಣ್ಣ ಖರ್ಚಿಗೆ ಸಂಪಾದಕರು ಸಹಿ ಮಾಡಿದ ವೋಚರ್ ಸಾಕೆಂದು ಮೊತ್ತದ ಮಿತಿಯೊಂದಿಗೆ ಸಮಿತಿ ಮೊದಲೇ ತೀರ್ಮಾನಿಸಿರಬೇಕು. ಖರ್ಚು ಭರಿಸುವುದು ಸಂಭಾವನೆಯಲ್ಲ. ರಸೀದಿಯಿದ್ದಷ್ಟಕ್ಕೆ ಮಾತ್ರ ಕೊಡುವವರೆಗೆ ಅದು ಆದಾಯವೂ ಆಗುವುದಿಲ್ಲ. "ತಿಂಗಳಿಗೆ ಇಷ್ಟು ಓಡಾಟದ ಖರ್ಚು" ಎಂದು ಲೆಕ್ಕ ಕೇಳದೆ ಕೊಡತೊಡಗಿದರೆ ಅದು ಇನ್ನೊಂದು ಹೆಸರಿನ ಗೌರವಧನವಾಗುತ್ತದೆ.

ಸಣ್ಣ ಗೌರವಧನ

ಸಮಿತಿಗಳಿಗೆ ಅತ್ಯಂತ ಸುಲಭವಾಗಿ ಹೊಳೆಯುವ ದಾರಿ ಇದು, ಮತ್ತು ನಾನು ಅತ್ಯಂತ ಬಲವಾಗಿ ಬೇಡವೆನ್ನುವುದೂ ಇದನ್ನೇ. ಸಂಚಿಕೆಗೊಂದು ಸಾವಿರ ರೂಪಾಯಿ ಕೊಡೋಣ, ಏನೂ ಇಲ್ಲದ್ದಕ್ಕಿಂತ ವಾಸಿ ಎಂದು ಯಾರೋ ಒಬ್ಬರು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ. ಒಂದು ಸಂಚಿಕೆಗೆ ಸಂಪಾದಕರು 40 ಗಂಟೆ ಕೊಡುತ್ತಾರೆ ಎಂದುಕೊಂಡರೆ ಗಂಟೆಗೆ 25 ರೂಪಾಯಿಯಾಯಿತು. ಅಲ್ಲಿಯವರೆಗೆ ಯಾರೂ ಹಾಕದ ಲೆಕ್ಕವನ್ನು ಆ ಸಾವಿರ ರೂಪಾಯಿ ಎಲ್ಲರಿಂದಲೂ ಹಾಕಿಸುತ್ತದೆ. ಸಂಪಾದಕರ ಮನೆಯವರು ಹಾಕುತ್ತಾರೆ, ಕೊನೆಗೆ ಸಂಪಾದಕರೂ ಹಾಕುತ್ತಾರೆ. ಸಂಚಿಕೆ ತಡವಾದಾಗ ಸದಸ್ಯರ ದನಿಯೂ ಬದಲಾಗುತ್ತದೆ: ಮೊದಲು "ಪಾಪ, ಎಷ್ಟು ಕೆಲಸವೋ" ಎನ್ನುತ್ತಿದ್ದವರು "ದುಡ್ಡು ತೆಗೆದುಕೊಳ್ಳುವುದಿಲ್ಲವೇ?" ಎಂದು ಕೇಳತೊಡಗುತ್ತಾರೆ.

ಇದು ಬರೀ ಅನುಭವದ ಮಾತಲ್ಲ. ಉರಿ ಗ್ನೀಜಿ ಮತ್ತು ಆಲ್ಡೊ ರಸ್ಟಿಚಿನಿ ಎಂಬ ಅರ್ಥಶಾಸ್ತ್ರಜ್ಞರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಸ್ರೇಲಿನ ಪ್ರೌಢಶಾಲಾ ವಿದ್ಯಾರ್ಥಿಗಳು ಮನೆಮನೆಗೆ ಹೋಗಿ ದೇಣಿಗೆ ಸಂಗ್ರಹಿಸಿದರು. ಒಂದು ಗುಂಪಿಗೆ ಏನೂ ಕೊಡಲಿಲ್ಲ, ಇನ್ನೊಂದಕ್ಕೆ ಸಂಗ್ರಹದ ಶೇಕಡ 1ರಷ್ಟು, ಮತ್ತೊಂದಕ್ಕೆ ಶೇಕಡ 10ರಷ್ಟು ಪ್ರತಿಫಲವನ್ನು ಸಂಶೋಧಕರು ತಾವೇ ಕೊಟ್ಟರು. ಏನೂ ಪಡೆಯದ ಗುಂಪು ಎಲ್ಲರಿಗಿಂತ ಹೆಚ್ಚು ಸಂಗ್ರಹಿಸಿತು. ಶೇಕಡ 10 ಪಡೆದವರು ಅವರ ನಂತರ. ಶೇಕಡ 1 ಪಡೆದವರು ಎಲ್ಲರಿಗಿಂತ ಹಿಂದೆ. ಶಾಲಾಮಕ್ಕಳ ದೇಣಿಗೆಗೂ ಪತ್ರಿಕೆಯ ಸಂಪಾದನೆಗೂ ವ್ಯತ್ಯಾಸವಿದೆ, ಒಂದು ಅಧ್ಯಯನದಿಂದ ಎಲ್ಲವನ್ನೂ ತೀರ್ಮಾನಿಸಲಾಗದು. ಆದರೆ ಕೊಟ್ಟರೆ ಸಾಕಷ್ಟು ಕೊಡು, ಇಲ್ಲವೇ ಕೊಡಬೇಡ ಎಂಬ ಅದರ ಸಾರ ಸಂಘಗಳ ಒಳಗಿನ ಅನುಭವಕ್ಕೆ ಚೆನ್ನಾಗಿ ಹೊಂದುತ್ತದೆ.

ಸಣ್ಣ ಗೌರವಧನದ ಇನ್ನೊಂದು ತೊಡಕು ಉಳಿದ ಸ್ವಯಂಸೇವಕರದು. ಭಾನುವಾರ ಬೆಳಗ್ಗೆ ಐದಕ್ಕೆ ಎದ್ದು ಹೊಸಬರನ್ನು ಕೆರೆಗೆ ಕರೆದೊಯ್ಯುವವರು, ಸಭಾಂಗಣದ ಕುರ್ಚಿ ಜೋಡಿಸುವವರು, ಲೆಕ್ಕ ಬರೆಯುವ ಖಜಾಂಚಿ, ಇವರಿಗೇಕಿಲ್ಲ ಎಂಬ ಪ್ರಶ್ನೆ ಬಾಯಿಗೆ ಬಾರದಿದ್ದರೂ ಮನಸ್ಸಿನಲ್ಲಿ ಉಳಿಯುತ್ತದೆ. ಒಮ್ಮೆ ಆರಂಭಿಸಿದ ಗೌರವಧನವನ್ನು ನಿಲ್ಲಿಸುವುದು ಕೊಡದೆ ಇರುವುದಕ್ಕಿಂತ ಕಷ್ಟ, ಏಕೆಂದರೆ ನಿಲ್ಲಿಸಿದ ದಿನ ಅದು ಸಂಪಾದಕರ ಮೇಲಿನ ಅಸಮಾಧಾನದಂತೆ ಕಾಣುತ್ತದೆ.

ಒಂದು ವಿನಾಯಿತಿ ಮಾತ್ರ ಹೇಳುತ್ತೇನೆ. ಕಿರಿಯ ಸಹಸಂಪಾದಕರು ವಿದ್ಯಾರ್ಥಿಗಳಾಗಿದ್ದರೆ, ವರ್ಷದ ಅವಧಿಗೆ ನಿಗದಿಯಾದ ಶಿಷ್ಯವೇತನ ಕೊಡುವುದು ಬೇರೆಯೇ ವಿಷಯ. ಅಲ್ಲಿ ಕಲಿಕೆಯ ಉದ್ದೇಶವಿದೆ, ಕೊನೆಯ ದಿನಾಂಕವಿದೆ, ಮುಂದಿನ ವರ್ಷ ಅದು ಇನ್ನೊಬ್ಬರಿಗೆ ಹೋಗುತ್ತದೆ. ಮೇಲೆ ಹೇಳಿದ ವಿದ್ಯಾರ್ಥಿನಿಗೆ ಬಾಗಿಲು ತೆರೆಯಲು ನನಗೆ ತಿಳಿದ ಅತ್ಯುತ್ತಮ ವಿಧಾನ ಇದು.

ಅಳೆಯಬಹುದಾದ ಕೆಲಸವನ್ನು ಹೊರಗೆ ಕೊಡುವುದು

ಮಧ್ಯಮ ಗಾತ್ರದ ಸಂಘಗಳಿಗೆ ನಾನು ಸೂಚಿಸುವ ದಾರಿ ಇದು. ಸಂಪಾದಕರು ಗೌರವ ಸಂಪಾದಕರಾಗಿಯೇ ಉಳಿಯುತ್ತಾರೆ. ಅಕ್ಷರ ಪರಿವರ್ತನೆ, ಕರಡು ತಿದ್ದುವಿಕೆ, ಪುಟವಿನ್ಯಾಸಕ್ಕೆ ಸಂಘ ಹಣ ಕೊಟ್ಟು ಡಿಟಿಪಿ ಮಾಡುವವರನ್ನೂ ಕರಡು ತಿದ್ದುವವರನ್ನೂ ಗೊತ್ತುಮಾಡುತ್ತದೆ. ಲೆಕ್ಕ ಹೇಗೆ ಕೂಡುತ್ತದೆ ಎಂಬುದಕ್ಕೆ ಒಂದು ಕಾಲ್ಪನಿಕ ಉದಾಹರಣೆ ನೋಡೋಣ. 200 ಸದಸ್ಯರು ತಲಾ 400 ರೂಪಾಯಿ ವಾರ್ಷಿಕ ಚಂದಾ ಕೊಡುವ ಸಂಘದ ಬಳಿ ವರ್ಷಕ್ಕೆ 80,000 ರೂಪಾಯಿ ಇರುತ್ತದೆ. 32 ಪುಟಗಳ ನಾಲ್ಕು ಸಂಚಿಕೆಗಳು. ವಿನ್ಯಾಸಕ್ಕೆ ಪುಟಕ್ಕೆ 150 ರೂಪಾಯಿ, ಕರಡು ತಿದ್ದಲು ಪುಟಕ್ಕೆ 40 ರೂಪಾಯಿ ಎಂದು ಒಪ್ಪಂದವಾದರೆ ಸಂಚಿಕೆಗೆ 6,080, ವರ್ಷಕ್ಕೆ 24,320 ರೂಪಾಯಿ. ಚಂದಾ ಹಣದ ಶೇಕಡ 30ರಷ್ಟು ಅಲ್ಲಿಗೆ ಹೋಯಿತು. ಕಾಗದ, ಮುದ್ರಣ, ಅಂಚೆಗೆ ಉಳಿದ ಹಣ ಸಾಲದಿದ್ದರೆ ಎರಡು ಸಂಚಿಕೆಗಳನ್ನು ಪಿಡಿಎಫ್ ಮಾತ್ರ ಮಾಡಬಹುದು, ಅಥವಾ ಹಿಂಬದಿಯ ಹೊದಿಕೆಗೆ ಒಂದು ಜಾಹೀರಾತು ತರಬಹುದು. ಇದೇ ಸಂಘ ಸಂಪಾದಕರ 40 ಗಂಟೆಗೆ ಗಂಟೆಗೆ 250ರಂತೆ ಕೊಡಲು ಹೊರಟರೆ ವರ್ಷಕ್ಕೆ 40,000, ಅಂದರೆ ಚಂದಾದ ಅರ್ಧ ಹೋಗುತ್ತದೆ. ಊರಿನಿಂದ ಊರಿಗೆ ದರ ಬದಲಾಗುತ್ತದೆ. ನಿಮ್ಮ ಊರಿನ ಡಿಟಿಪಿ ಅಂಗಡಿಯಲ್ಲಿ ಕೇಳಿ ಈ ಅಂಕಿಗಳ ಜಾಗದಲ್ಲಿ ಅವನ್ನು ಇಟ್ಟು ನೋಡಬೇಕು.

ಹೊರಗೆ ಕೊಡುವಾಗ ಒಂದು ಎಚ್ಚರ ಅಗತ್ಯ. ಹಣ ಪಡೆದವರು ಎಷ್ಟು ಪುಟ ಮುಗಿಸಿದರೆ ಅಷ್ಟು ಲಾಭ ಎಂಬ ಏರ್ಪಾಟಿನಲ್ಲಿ ಗುಣದ ಕಡೆ ಕಣ್ಣಿಡುವವರು ಬೇರೆಯವರಾಗಿರಬೇಕು. 2009ರಿಂದ 2011ರ ಸುಮಾರಿಗೆ ಗೂಗಲ್ ಸಂಸ್ಥೆ ಕನ್ನಡವೂ ಸೇರಿದಂತೆ ಕೆಲವು ಭಾರತೀಯ ಭಾಷೆಗಳ ವಿಕಿಪೀಡಿಯಗಳಿಗೆ ಹಣ ಕೊಟ್ಟು ಇಂಗ್ಲಿಷಿನಿಂದ ಲೇಖನಗಳನ್ನು ಅನುವಾದ ಮಾಡಿಸಿತು. ಲೇಖನಗಳ ಸಂಖ್ಯೆಯೂ ಉದ್ದವೂ ಬೆಳೆದವು. ಆದರೆ ವಿಷಯಗಳ ಆಯ್ಕೆಯಲ್ಲಿ ಆ ಭಾಷೆಗಳ ಸ್ವಯಂಸೇವಕ ಸಂಪಾದಕರ ಮಾತು ನಡೆಯದಿದ್ದುದರಿಂದ, ಓದಲು ತೊಡಕಾದ ವಾಕ್ಯಗಳನ್ನು ತಿದ್ದುವ ಹೊರೆ ಅವರ ಮೇಲೆ ಬಿತ್ತು. ತಮಿಳಿನ ಮತ್ತು ಬಂಗಾಳಿಯ ಸಂಪಾದಕರು ಇದನ್ನು ಬಹಿರಂಗವಾಗಿಯೇ ಆಕ್ಷೇಪಿಸಿದರು. ಹಣ ಕೊಟ್ಟದ್ದು ಅಲ್ಲಿ ತಪ್ಪಾಗಿರಲಿಲ್ಲ. ಹಣ ಹೋದ ಕಡೆ ವಿವೇಚನೆಯುಳ್ಳವರ ಅಧಿಕಾರ ಹೋಗಲಿಲ್ಲ, ತೊಂದರೆ ಅದರಿಂದಾಯಿತು. ನಿಮ್ಮ ಸಂಘದಲ್ಲಿ ಪುಟ ಕಟ್ಟುವವರ ಬಿಲ್ಲಿಗೆ ಖಜಾಂಚಿ ಹಣ ಕೊಡುವ ಮುನ್ನ ಗೌರವ ಸಂಪಾದಕರ ಸಹಿ ಬೀಳಲೇಬೇಕು ಎಂಬ ನಿಯಮವಿದ್ದರೆ ಅರ್ಧ ಸಮಸ್ಯೆ ತಪ್ಪುತ್ತದೆ.

ಕನ್ನಡದ ಮಟ್ಟಿಗೆ ಇನ್ನೊಂದು ಮಾತು. ಎಷ್ಟೋ ಡಿಟಿಪಿ ಅಂಗಡಿಗಳು ಈಗಲೂ ಹಳೆಯ ಅಕ್ಷರಶೈಲಿಯಲ್ಲೇ ಪುಟ ಕಟ್ಟುತ್ತವೆ. ಅಂತಿಮ ಪಠ್ಯದ ಯೂನಿಕೋಡ್ ಪ್ರತಿಯನ್ನೂ ತೆರೆದು ತಿದ್ದಬಹುದಾದ ಕಡತವನ್ನೂ ಸಂಘಕ್ಕೆ ಒಪ್ಪಿಸಬೇಕೆಂದು ಒಪ್ಪಂದದಲ್ಲೇ ಬರೆದುಕೊಳ್ಳಿ. ಇಲ್ಲವಾದರೆ ಹತ್ತು ವರ್ಷದ ಸಂಚಿಕೆಗಳು ಹುಡುಕಲಾಗದ ಚಿತ್ರಗಳಾಗಿ ಉಳಿದುಬಿಡುತ್ತವೆ.

ಪೂರ್ಣ ಸಂಭಾವನೆ

ಸಂಘ ದೊಡ್ಡದಾದರೆ ಇದೂ ಸಹಜವೇ. ಅಮೆರಿಕದ ಹ್ಯಾಮ್ ರೇಡಿಯೊ ಹವ್ಯಾಸಿಗಳ ರಾಷ್ಟ್ರೀಯ ಸಂಘವಾದ ಎಆರ್‌ಆರ್‌ಎಲ್ 1914ರಲ್ಲಿ ಹುಟ್ಟಿ, 1915ರ ಡಿಸೆಂಬರ್‌ನಿಂದ ತನ್ನ ಮಾಸಪತ್ರಿಕೆಯನ್ನು ಹೊರತರುತ್ತಿದೆ. ಕನೆಕ್ಟಿಕಟ್‌ನ ನ್ಯೂವಿಂಗ್ಟನ್‌ನಲ್ಲಿರುವ ಅದರ ಕಚೇರಿಯಲ್ಲಿ ಸಂಪಾದಕೀಯ ಕೆಲಸ ಸಂಬಳದ ಸಿಬ್ಬಂದಿಯದು. 1886ರಲ್ಲಿ ಆರಂಭವಾದ ಅಮೆರಿಕದ ಅಂಚೆಚೀಟಿ ಸಂಗ್ರಾಹಕರ ಸಂಘವೂ ಇದೇ ದಾರಿಯಲ್ಲಿದೆ. ಹವ್ಯಾಸದ ಪತ್ರಿಕೆಗೆ ವೃತ್ತಿಪರ ಸಂಪಾದಕರಿದ್ದರೆ ಹವ್ಯಾಸದ ಆತ್ಮ ಹೋಗುತ್ತದೆ ಎನ್ನುವವರಿಗೆ ಈ ಪತ್ರಿಕೆಗಳೇ ಉತ್ತರ. ಆದರೆ ಅವುಗಳ ಹಿಂದೆ ದೇಶವ್ಯಾಪಿ ಸದಸ್ಯತ್ವವಿದೆ, ಪ್ರತಿ ತಿಂಗಳೂ ತಪ್ಪದೆ ಬರಬೇಕಾದ ಸಂಚಿಕೆಯಿದೆ, ಜಾಹೀರಾತಿನ ಆದಾಯವಿದೆ.

ಈ ಮಟ್ಟದಲ್ಲಿ ಸಂಬಂಧವೇ ಬದಲಾಗುತ್ತದೆ ಎಂಬುದನ್ನು ಒಪ್ಪಿಕೊಂಡೇ ಮುಂದುವರಿಯಬೇಕು. ಲಿಖಿತ ಒಪ್ಪಂದ, ಗಡುವು, ಕೆಲಸದ ವಿವರ, ಬಿಡುಗಡೆಯ ಷರತ್ತು ಎಲ್ಲವೂ ಬೇಕು. ಜೊತೆಗೆ ಲೇಖನಗಳ ಆಯ್ಕೆಯಲ್ಲಿ ಸಮಿತಿಯ ಹಸ್ತಕ್ಷೇಪದ ಮಿತಿ ಎಷ್ಟು ಎಂಬ ಸಾಲೂ ಬೇಕು. ಸಂಬಳ ಪಡೆಯುವ ಸಂಪಾದಕರು ಕಾರ್ಯಕಾರಿ ಸಮಿತಿಯ ಸದಸ್ಯರಾಗಿರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ: ತನಗೆ ತಾನೇ ಮೊತ್ತ ನಿಗದಿ ಮಾಡಿಕೊಂಡರೆಂಬ ಮಾತು ಬಂದರೆ ಅದನ್ನು ತೊಳೆದುಕೊಳ್ಳಲು ವರ್ಷಗಳು ಬೇಕು.

ಹಣ ಕೊಡುವ ಮುನ್ನ ನೋಡಬೇಕಾದ ಕಾಗದಗಳು

ಮೊದಲನೆಯದು ಸಂಘದ ಬೈಲಾ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ನೋಂದಾಯಿಸಿದ ಬಹಳಷ್ಟು ಸಂಘಗಳ ಜ್ಞಾಪನಪತ್ರದಲ್ಲಿ, ಸಂಘದ ಆದಾಯವನ್ನು ಉದ್ದೇಶಗಳಿಗಾಗಿ ಮಾತ್ರ ಬಳಸಬೇಕು, ಲಾಭದ ರೂಪದಲ್ಲಿ ಸದಸ್ಯರಿಗೆ ಹಂಚಬಾರದು ಎಂಬ ವಾಕ್ಯವಿರುತ್ತದೆ. ಸಲ್ಲಿಸಿದ ಸೇವೆಗೆ ಸಮಂಜಸವಾದ ಸಂಭಾವನೆ ಕೊಡುವುದು ಲಾಭ ಹಂಚಿಕೆಯಲ್ಲ, ಆದರೂ ಪದಾಧಿಕಾರಿಗಳೆಲ್ಲ ಗೌರವ ಸೇವೆ ಸಲ್ಲಿಸತಕ್ಕದ್ದು ಎಂದು ನಿಮ್ಮ ಬೈಲಾ ಹೇಳಿದ್ದರೆ, ಸರ್ವಸದಸ್ಯರ ಸಭೆಯಲ್ಲಿ ತಿದ್ದುಪಡಿಯಾಗದೆ ಪದಾಧಿಕಾರಿಯಾದ ಸಂಪಾದಕರಿಗೆ ಹಣ ಕೊಡುವಂತಿಲ್ಲ. ಸಂಘ ಆದಾಯ ತೆರಿಗೆಯ ವಿನಾಯಿತಿ ಪಡೆದ ಧರ್ಮಾರ್ಥ ಸಂಸ್ಥೆಯಾಗಿದ್ದರೆ ಇನ್ನೂ ಎಚ್ಚರ ಬೇಕು: ಆಡಳಿತದಲ್ಲಿರುವವರಿಗೂ ಅವರ ಬಂಧುಗಳಿಗೂ ಸಮಂಜಸ ಮೊತ್ತಕ್ಕಿಂತ ಹೆಚ್ಚು ಕೊಟ್ಟರೆ ವಿನಾಯಿತಿಗೇ ಧಕ್ಕೆ ಬರಬಹುದು.

ತೆರಿಗೆ ಕಡಿತದ ಭಯವನ್ನು ಸಣ್ಣ ಸಂಘಗಳು ಅಗತ್ಯಕ್ಕಿಂತ ಹೆಚ್ಚು ಪಡುತ್ತವೆ. ವೃತ್ತಿಪರ ಸೇವೆಯ ಶುಲ್ಕದ ಮೇಲೆ ಮೂಲದಲ್ಲೇ ತೆರಿಗೆ ಕಡಿತ ಮಾಡಬೇಕಾದ ಮಿತಿ 2025ರ ಏಪ್ರಿಲ್ 1ರಿಂದ ವರ್ಷಕ್ಕೆ 30,000ದಿಂದ 50,000 ರೂಪಾಯಿಗೆ ಏರಿದೆ. ಅದಕ್ಕಿಂತ ಕಡಿಮೆಯಿದ್ದರೆ ಸಂಘ ಕಡಿತ ಮಾಡಬೇಕಿಲ್ಲ; ಪಡೆದವರು ಮಾತ್ರ ಅದನ್ನು ತಮ್ಮ ಆದಾಯದಲ್ಲಿ ತೋರಿಸಬೇಕು. 1961ರ ಕಾಯ್ದೆಯ ಬದಲಿಗೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯವಾಗುವುದರಿಂದ ಸೆಕ್ಷನ್‌ಗಳ ಸಂಖ್ಯೆಯನ್ನು ಲೆಕ್ಕಪರಿಶೋಧಕರಿಂದ ಖಚಿತಪಡಿಸಿಕೊಳ್ಳಬೇಕು. ಠೇವಣಿಯ ಬಡ್ಡಿಯಿಂದ ಸಂಭಾವನೆ ಕೊಡಲು ಯೋಚಿಸುವ ಸಂಘಗಳು ಇನ್ನೊಂದನ್ನು ನೆನಪಿಡಬೇಕು: ಬೆಂಗಳೂರು ಕ್ಲಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ, ಕ್ಲಬ್ಬಿನ ಸದಸ್ಯತ್ವ ಹೊಂದಿದ ಬ್ಯಾಂಕುಗಳಲ್ಲೇ ಇಟ್ಟಿದ್ದರೂ ಠೇವಣಿಯ ಬಡ್ಡಿಗೆ, ಸದಸ್ಯರು ತಮ್ಮೊಳಗೇ ಕೂಡಿಸಿ ತಮಗಾಗಿಯೇ ಖರ್ಚು ಮಾಡುವ ಹಣಕ್ಕೆ ಆದಾಯ ತೆರಿಗೆಯಿಲ್ಲ ಎಂಬ ತತ್ತ್ವದ ವಿನಾಯಿತಿ ಸಿಗುವುದಿಲ್ಲ ಎಂದಿತು.

ಸಂಪಾದಕರು ಸರ್ಕಾರಿ ನೌಕರರಾಗಿದ್ದರೆ ಹಣವೇ ಅವರಿಗೆ ತೊಂದರೆ ತರಬಹುದು. ನಮ್ಮ ಸಂಘಗಳಲ್ಲಿ ಶಿಕ್ಷಕರು, ಅಧ್ಯಾಪಕರು, ಅರಣ್ಯ ಇಲಾಖೆಯವರು, ಬ್ಯಾಂಕ್ ನೌಕರರು ಬಹಳ. ಕೇಂದ್ರ ಸರ್ಕಾರಿ ನೌಕರರಿಗೆ ಅನ್ವಯಿಸುವ 1964ರ ನಡತೆ ನಿಯಮಗಳ 15ನೆಯ ನಿಯಮ, ಸಾಮಾಜಿಕ ಅಥವಾ ಧರ್ಮಾರ್ಥ ಸ್ವರೂಪದ ಗೌರವ ಕೆಲಸವನ್ನೂ ಅಪರೂಪಕ್ಕೆ ಮಾಡುವ ಸಾಹಿತ್ಯಿಕ, ವೈಜ್ಞಾನಿಕ ಕೆಲಸವನ್ನೂ ಷರತ್ತುಗಳೊಡನೆ ಪೂರ್ವಾನುಮತಿಯಿಲ್ಲದೆ ಮಾಡಲು ಬಿಡುತ್ತದೆ. ಬೇರೊಂದು ಉದ್ಯೋಗ ಹಿಡಿಯಲು ಅನುಮತಿ ಬೇಕೆನ್ನುತ್ತದೆ. ರಾಜ್ಯ ನೌಕರರಿಗೂ ಬ್ಯಾಂಕ್ ನೌಕರರಿಗೂ ತಮ್ಮವೇ ನಡತೆ ನಿಯಮಗಳಿವೆ. ಉಚಿತವಾಗಿ ಮಾಡುವಾಗ ನಿರಾತಂಕವಾಗಿದ್ದ ಕೆಲಸ, ನಿಯಮಿತ ಸಂಭಾವನೆ ಬಂದೊಡನೆ ಅನುಮತಿ ಪತ್ರ ಕೇಳತೊಡಗುತ್ತದೆ. ಸಂಪಾದಕರನ್ನು ಸಂತೋಷಪಡಿಸಲೆಂದು ಅವರನ್ನು ಕೇಳದೆ ಸಭೆಯಲ್ಲಿ ಗೌರವಧನ ಘೋಷಿಸುವ ಸಮಿತಿಗಳು ಅವರನ್ನು ಇಕ್ಕಟ್ಟಿಗೆ ಸಿಲುಕಿಸುತ್ತವೆ.

ಹಕ್ಕುಸ್ವಾಮ್ಯದ ವಿಷಯದಲ್ಲಿ ಹಣ ಕೊಟ್ಟರೆ ಎಲ್ಲವೂ ಸಂಘದ್ದಾಯಿತು ಎಂಬ ನಂಬಿಕೆ ವ್ಯಾಪಕವಾಗಿದೆ, ಅದು ಸರಿಯಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಸೇವಾ ಒಪ್ಪಂದದಡಿ ನೌಕರರಾಗಿ ಮಾಡಿದ ಕೆಲಸದ ಸ್ಥಿತಿ ಬೇರೆ, ಹೊರಗಿನವರಾಗಿ ಶುಲ್ಕ ಪಡೆದು ಮಾಡಿದ ಬರಹದ ಸ್ಥಿತಿ ಬೇರೆ. ಹೊರಗಿನವರ ಹಕ್ಕು ಸಂಘಕ್ಕೆ ಬರಬೇಕಾದರೆ ಲಿಖಿತ ವರ್ಗಾವಣೆ ಬೇಕು. ಅವಧಿ ಬರೆಯದಿದ್ದರೆ ಅದು ಐದು ವರ್ಷಕ್ಕೆ ಮುಗಿಯುತ್ತದೆ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಸೀಮಿತ. ಲೇಖಕರ ಲೇಖನ, ಛಾಯಾಗ್ರಾಹಕರ ಚಿತ್ರ ಅವರವೇ ಆಗಿ ಉಳಿದು, ಪ್ರಕಟಿಸುವ ಮತ್ತು ಅಂತರ್ಜಾಲದಲ್ಲಿ ಇಡುವ ಅನುಮತಿ ಮಾತ್ರ ಸಂಘಕ್ಕೆ ಸಿಕ್ಕರೆ ಹವ್ಯಾಸಿ ಪತ್ರಿಕೆಗೆ ಅಷ್ಟೇ ಸಾಕು.

ಹೊರದೇಶದ ಕನ್ನಡ ಕೂಟಗಳಲ್ಲಿ

ಅಮೆರಿಕ, ಬ್ರಿಟನ್‌ಗಳ ಕನ್ನಡ ಕೂಟಗಳು ಯುಗಾದಿಗೆ, ರಾಜ್ಯೋತ್ಸವಕ್ಕೆ ಸಂಚಿಕೆಗಳನ್ನು ತರುತ್ತವೆ. ಅಲ್ಲಿ ಈ ಪ್ರಶ್ನೆಗೆ ಬೇರೆಯೇ ಅಂಚುಗಳಿವೆ. ಅಮೆರಿಕದ 1997ರ ಸ್ವಯಂಸೇವಕ ರಕ್ಷಣಾ ಕಾಯ್ದೆ, ಲಾಭೋದ್ದೇಶವಿಲ್ಲದ ಸಂಸ್ಥೆಯ ಸ್ವಯಂಸೇವಕರಿಗೆ ಕೆಲವು ಹೊಣೆಗಾರಿಕೆಗಳಿಂದ ರಕ್ಷಣೆ ಕೊಡುತ್ತದೆ. ಖರ್ಚಿನ ಮರುಪಾವತಿಯನ್ನು ಬಿಟ್ಟು ಪ್ರತಿಫಲ ಪಡೆಯದವರನ್ನು, ಅಥವಾ ಅದರ ಬದಲಿಗೆ ವರ್ಷಕ್ಕೆ 500 ಡಾಲರ್ ಮೀರದ ಬೆಲೆಯುಳ್ಳದ್ದನ್ನು ಮಾತ್ರ ಪಡೆದವರನ್ನು ಅದು ಸ್ವಯಂಸೇವಕರೆನ್ನುತ್ತದೆ. ಅದಕ್ಕಿಂತ ಮುಖ್ಯವಾದುದು ವೀಸಾ. ಸಂಗಾತಿಯ ಉದ್ಯೋಗ ವೀಸಾದ ಆಧಾರದ ಮೇಲೆ ಸಿಗುವ ಎಚ್-4 ವೀಸಾದಲ್ಲಿದ್ದು ಉದ್ಯೋಗದ ಅನುಮತಿಯಿಲ್ಲದ ಗೃಹಿಣಿಯರು, ಎಫ್-1 ವಿದ್ಯಾರ್ಥಿಗಳು ಎಷ್ಟೋ ಕೂಟಗಳ ಸಂಚಿಕೆಯ ಬೆನ್ನೆಲುಬು; ಅವರು ಸಂಪಾದನೆಗೆ ಹಣ ಪಡೆದರೆ ಅದು ಅನುಮತಿಯಿಲ್ಲದ ಉದ್ಯೋಗವಾಗಿ ಎಣಿಕೆಯಾಗುವ ಅಪಾಯವಿದೆ. ಎಚ್-1ಬಿ ಉದ್ಯೋಗ ವೀಸಾ ಇರುವವರಿಗೂ ತಮ್ಮ ವೀಸಾಕ್ಕೆ ಅರ್ಜಿ ಹಾಕಿದ ಸಂಸ್ಥೆಯ ಹೊರಗೆ ದುಡಿದು ಹಣ ಪಡೆಯುವ ಅವಕಾಶವಿಲ್ಲ. ಬ್ರಿಟನ್‌ನಲ್ಲಿ ರಸೀದಿಯಿಲ್ಲದೆ ನಿಯಮಿತವಾಗಿ ಕೊಡುವ ಮೊತ್ತ, ಪಡೆದವರನ್ನು ಕನಿಷ್ಠ ವೇತನಕ್ಕೆ ಅರ್ಹರಾದ ಕೆಲಸಗಾರರನ್ನಾಗಿ ಮಾಡಿಬಿಡಬಹುದು. ಆದ್ದರಿಂದ ಹೊರದೇಶದ ಕೂಟಗಳಿಗೆ ಖರ್ಚು ಮಾತ್ರ ಭರಿಸಿ, ಪುಟವಿನ್ಯಾಸವನ್ನು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಬಿಲ್ ಕೊಡುವ ಸಂಸ್ಥೆಯಿಂದ ಮಾಡಿಸುವುದೇ ಸುರಕ್ಷಿತ.

ಹಣ ಪಡೆದದ್ದನ್ನು ಹೇಳುವುದು

ಯಾವ ದಾರಿ ಹಿಡಿದರೂ ಓದುಗರಿಗೆ ತಿಳಿದಿರಬೇಕು. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನ 2014ರಲ್ಲಿ ತನ್ನ ಬಳಕೆಯ ಷರತ್ತುಗಳನ್ನು ತಿದ್ದಿ, ಹಣ ಪಡೆದು ಸಂಪಾದನೆ ಮಾಡುವವರು ಯಾರಿಗಾಗಿ ಮಾಡುತ್ತಿದ್ದೇವೆಂದು ಬಹಿರಂಗಪಡಿಸಬೇಕೆಂದು ಕಡ್ಡಾಯ ಮಾಡಿತು. ಸಂಘದ ಪತ್ರಿಕೆಗೂ ಇದೇ ಅಳತೆ ಸರಿ: ವಾರ್ಷಿಕ ಲೆಕ್ಕಪತ್ರದಲ್ಲಿ "ಪತ್ರಿಕಾ ವೆಚ್ಚ" ಎಂಬ ಒಂದೇ ಸಾಲಿನ ಒಳಗೆ ಎಲ್ಲವನ್ನೂ ಮುಚ್ಚದೆ ಮುದ್ರಣ, ವಿನ್ಯಾಸ, ಕರಡು ತಿದ್ದುವಿಕೆ, ಸಂಭಾವನೆ ಎಂದು ಬಿಡಿಬಿಡಿಯಾಗಿ ತೋರಿಸಬೇಕು.

ಯಾರಿಗೆ ಯಾವುದು

ನೂರಕ್ಕಿಂತ ಕಡಿಮೆ ಸದಸ್ಯರ, ವರ್ಷಕ್ಕೆ ಒಂದೆರಡು ಸಂಚಿಕೆ ತರುವ ಸಂಘಕ್ಕೆ ಖರ್ಚಿನ ಮರುಪಾವತಿ, ಅಚ್ಚಾದ ಹೆಸರು, ಮಿತಿಯುಳ್ಳ ಅವಧಿ ಸಾಕು. ಇನ್ನೂರು ಮುನ್ನೂರು ಸದಸ್ಯರಿದ್ದು ತ್ರೈಮಾಸಿಕವನ್ನು ಸಮಯಕ್ಕೆ ತರಲು ಹೆಣಗುವವರು ವಿನ್ಯಾಸ ಮತ್ತು ಕರಡನ್ನು ಹೊರಗೆ ಕೊಟ್ಟು, ಒಬ್ಬ ವಿದ್ಯಾರ್ಥಿಗೆ ಶಿಷ್ಯವೇತನದ ದಾರಿ ಹುಡುಕಲಿ. ಸಾವಿರ ದಾಟಿದ ಸದಸ್ಯತ್ವ, ಮಾಸಿಕ ಸಂಚಿಕೆ, ಖಚಿತವಾದ ಜಾಹೀರಾತು ಮೂರೂ ಇದ್ದರೆ ಮಾತ್ರ ಸಂಬಳದ ಸಂಪಾದಕರ ಯೋಚನೆ ಮಾಡಬಹುದು. ಇವು ನನ್ನ ಅಂದಾಜಿನ ಗಡಿಗಳು. ನಿಮ್ಮ ಸಂಪಾದಕರು ಬರೆದುಕೊಟ್ಟ ಗಂಟೆಗಳ ಪಟ್ಟಿ ಬೇರೆ ಹೇಳಿದರೆ ಅದನ್ನೇ ನಂಬಿ.

ನಿರ್ಧಾರವಾದ ಮೇಲೆ ಠರಾವಿನಲ್ಲಿ ಯಾವ ಕೆಲಸಕ್ಕೆ, ಯಾರಿಗೆ, ಎಷ್ಟು, ಯಾವ ದಿನಾಂಕದೊಳಗೆ, ಯಾರ ಸಹಿಯ ಮೇಲೆ ಹಣ ಸಲ್ಲುತ್ತದೆ ಎಂದು ಬರೆಯಿರಿ. ಹಣ ಬ್ಯಾಂಕ್ ಖಾತೆಗೇ ಹೋಗಲಿ. ಏರ್ಪಾಟಿನ ಅವಧಿ ಒಂದು ವರ್ಷವೆಂದು ಅದೇ ಠರಾವಿನಲ್ಲಿ ನಮೂದಿಸಿ, ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ಅದರ ಮರುಪರಿಶೀಲನೆ ತಾನಾಗಿಯೇ ಬರುವಂತೆ ಮಾಡಿ. ಆಗ ಮುಂದುವರಿಸಲು ಹೊಸ ಠರಾವು ಬೇಕಾಗುತ್ತದೆ, ನಿಲ್ಲಿಸಲು ಯಾರೂ ಎದ್ದು ನಿಂತು ಸಂಪಾದಕರ ವಿರುದ್ಧ ಮಾತಾಡಬೇಕಾಗುವುದಿಲ್ಲ.